ಬೆಟ್ಟವಿಲ್ಲದ ಜ್ವಾಲಾಮುಖಿ: ಸೊಲ್ಲಾಪುರ, ಅಕ್ಕಲಕೋಟೆಯ ನೆಲದ ಕಥೆ

ಸೊಲ್ಲಾಪುರ ಜಿಲ್ಲೆಯ ನೆಲವೆಲ್ಲ ಹೆಪ್ಪುಗಟ್ಟಿದ ಲಾವಾ. ಅಕ್ಕಲಕೋಟೆ, ದುಧನಿ, ಮೈಂದರ್ಗಿ, ಮಂಗಳವೇಢೆ, ಪಂಢರಪುರ, ಎಲ್ಲೇ ಬಾವಿ ತೋಡಿದರೂ ಎರೆಮಣ್ಣು ಮುಗಿದ ಮೇಲೆ ಗರಸು ಸಿಗುತ್ತದೆ, ಗರಸಿನ ಕೆಳಗೆ ಕರಿಕಲ್ಲು ಸಿಗುತ್ತದೆ. ಆ ಕರಿಕಲ್ಲಿನ ಹೆಸರು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಒಡಲಿಂದ ಉಕ್ಕಿ, ನೂರಾರು ಕಿಲೋಮೀಟರ್ ಹರಿದು ಬಂದು, ಇಲ್ಲಿ ತಣ್ಣಗಾದ ಶಿಲಾರಸ ಅದು. ಹೊಲದ ಕಪ್ಪು ಮಣ್ಣು ಅದೇ ಕಲ್ಲು ಸವೆದು ಆದದ್ದು. ಊರ ಕೋಟೆ, ಗುಡಿ, ಬಾವಿಕಟ್ಟೆಗಳಿಗೂ ಅದೇ ಕಲ್ಲು.

ಆದರೂ ಈ ಸೀಮೆಯಲ್ಲಿ ಎಲ್ಲಿಯೂ ಜ್ವಾಲಾಮುಖಿ ಬೆಟ್ಟ ಕಾಣುವುದಿಲ್ಲ. ಶಾಲೆಯ ಪುಸ್ತಕದ ಚಿತ್ರದಲ್ಲಿರುವ ಚೂಪು ಶಿಖರ, ತುದಿಯಲ್ಲಿ ಹೊಗೆ, ಇಳಿಜಾರಲ್ಲಿ ಕೆಂಪು ಹೊಳೆ, ಇವು ಯಾವುವೂ ಇಲ್ಲಿಲ್ಲ. ಕಣ್ಣು ಹಾಯಿಸಿದಷ್ಟು ದೂರ ಮಟ್ಟಸ ಬಯಲು, ನಡುನಡುವೆ ತಲೆ ಚಪ್ಪಟೆಯಾದ ಮಡ್ಡಿಗಳು ಮಾತ್ರ. ಜ್ವಾಲಾಮುಖಿಗಳಲ್ಲಿ ಹಲವು ಬಗೆಗಳಿವೆ. ಅವುಗಳಲ್ಲಿ ಅತಿ ಹೆಚ್ಚು ಲಾವಾ ಸುರಿಸುವ ಬಗೆ ಬೆಟ್ಟವನ್ನೇ ಕಟ್ಟುವುದಿಲ್ಲ. ಸೊಲ್ಲಾಪುರದ ನೆಲ ಆ ಬಗೆಗೆ ಸೇರಿದ್ದು. ಉಳಿದ ಬಗೆಗಳ ಜೊತೆ ಇಟ್ಟು ನೋಡಿದರೆ ಇದರ ಹಿರಿಮೆ ತಿಳಿಯುತ್ತದೆ.

ಹರಿಯುವ ರಸ, ಸಿಡಿಯುವ ರಸ

ಜ್ವಾಲಾಮುಖಿಯ ಸ್ವಭಾವವನ್ನು ನಿರ್ಧರಿಸುವುದು ಮುಖ್ಯವಾಗಿ ಎರಡು ಸಂಗತಿ: ಶಿಲಾರಸ ಎಷ್ಟು ತೆಳು, ಅದರಲ್ಲಿ ಎಷ್ಟು ಅನಿಲ ಅಡಗಿದೆ. ತೆಳುವೋ ಮಂದವೋ ಎಂಬುದು ಬಹುಮಟ್ಟಿಗೆ ಸಿಲಿಕಾದ ಪ್ರಮಾಣವನ್ನು ಅವಲಂಬಿಸಿದೆ. ಬಸಾಲ್ಟ್ ರಸದಲ್ಲಿ ಸಿಲಿಕಾ ನೂರಕ್ಕೆ 45ರಿಂದ 52 ಭಾಗದಷ್ಟಿರುತ್ತದೆ. ಅದು 1,100ರಿಂದ 1,200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹೊರಬಂದು ಸಲೀಸಾಗಿ ಹರಿಯುತ್ತದೆ. ಒಳಗಿನ ಅನಿಲ ಗುಳ್ಳೆಗಳಾಗಿ ಮೇಲೆದ್ದು ಹಾರಿಹೋಗುತ್ತದೆ. ಸಿಲಿಕಾ ಹೆಚ್ಚಿದಂತೆ ರಸ ಮಂದವಾಗುತ್ತದೆ. ನೂರಕ್ಕೆ 70ರ ಆಸುಪಾಸು ಸಿಲಿಕಾ ಇರುವ ರಯೋಲೈಟ್ ರಸ ಅಲುಗಾಡುವುದೇ ಕಷ್ಟ. ಅದರಲ್ಲಿ ಸಿಕ್ಕಿಬಿದ್ದ ಅನಿಲಕ್ಕೆ ದಾರಿ ಸಿಗದೆ ಒತ್ತಡ ಏರುತ್ತಾ ಹೋಗಿ ಕೊನೆಗೆ ಬೆಟ್ಟವೇ ಸಿಡಿಯುತ್ತದೆ. ತೆಳು ರಸ ಹರಡುತ್ತದೆ, ಮಂದ ರಸ ಪೇರುತ್ತದೆ ಅಥವಾ ಸ್ಫೋಟಿಸುತ್ತದೆ. ಜ್ವಾಲಾಮುಖಿಗಳ ಎಲ್ಲ ಆಕಾರಗಳ ಹಿಂದೆ ಈ ಒಂದು ನಿಯಮ ಕೆಲಸ ಮಾಡುತ್ತದೆ.

ಬೆಟ್ಟ ಕಟ್ಟುವ ಬಗೆಗಳು

ಬಸಾಲ್ಟ್ ರಸ ಒಂದೇ ಬಾಯಿಯಿಂದ ಮತ್ತೆ ಮತ್ತೆ ಉಕ್ಕಿದರೆ ಅಗಲವಾದ, ಇಳಿಜಾರು ಕಡಿಮೆಯಿರುವ ಬೆಟ್ಟ ಬೆಳೆಯುತ್ತದೆ. ಇದಕ್ಕೆ ಗುರಾಣಿ ಜ್ವಾಲಾಮುಖಿ ಎನ್ನುತ್ತಾರೆ. ಹವಾಯಿ ದ್ವೀಪದ ಮೌನಾ ಲೋವಾ ಸಮುದ್ರಮಟ್ಟದಿಂದ 4,169 ಮೀಟರ್ ಎತ್ತರವಿದೆ. ಸಾಗರದ ತಳದಿಂದ ಅಳೆದರೆ ಸುಮಾರು 9 ಕಿ.ಮೀ. ಪಕ್ಕದ ಕಿಲವೆಯಾ, ಗಲಪಗೋಸ್ ದ್ವೀಪಗಳ ಬೆಟ್ಟಗಳು, ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಪಿಟೋನ್ ದ ಲಾ ಫೂರ್ನೇಜ್ ಇದೇ ಜಾತಿಯವು. ಈ ರಿಯೂನಿಯನ್ನಿಗೂ ಸೊಲ್ಲಾಪುರಕ್ಕೂ ಹಳೆಯ ನಂಟಿದೆ.

ಚಿತ್ರಗಳಲ್ಲಿ ಕಾಣುವ ಚೂಪು ಶಿಖರ ಮಿಶ್ರ ಶಂಕು ಜ್ವಾಲಾಮುಖಿಯದು. ಒಮ್ಮೆ ಮಂದ ಲಾವಾ, ಇನ್ನೊಮ್ಮೆ ಬೂದಿ ಮತ್ತು ಕಲ್ಲಿನ ಚೂರು ಹೀಗೆ ಪದರದ ಮೇಲೆ ಪದರ ಕೂತು ಇದು ಬೆಳೆಯುತ್ತದೆ. 3,776 ಮೀಟರ್ ಎತ್ತರದ ಜಪಾನಿನ ಫ್ಯೂಜಿ, ಫಿಲಿಪೀನ್ಸಿನ ಮಯೋನ್, ಇಂಡೋನೇಷ್ಯಾದ ಮೆರಾಪಿ, ಇಟಲಿಯ ವೆಸೂವಿಯಸ್ ಇದಕ್ಕೆ ನಿದರ್ಶನ. ಮನುಷ್ಯರ ಜೀವ ಹೆಚ್ಚು ತೆಗೆದ ಗುಂಪೂ ಇದೇ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಪೊಂಪೈ ನಗರವನ್ನು ಹೂತುಹಾಕಿತು. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಸಿಡಿದಾಗ ಮರುವರ್ಷ ಯುರೋಪು ಮತ್ತು ಉತ್ತರ ಅಮೆರಿಕದಲ್ಲಿ ಬೇಸಿಗೆಯೇ ಬರಲಿಲ್ಲ. 1883ರ ಕ್ರಕಟೋವಾ ಸ್ಫೋಟ ಎಬ್ಬಿಸಿದ ಸುನಾಮಿ 36,000ದಷ್ಟು ಜನರನ್ನು ಬಲಿ ತೆಗೆದುಕೊಂಡಿತು. 1991ರ ಜೂನ್‌ನಲ್ಲಿ ಫಿಲಿಪೀನ್ಸಿನ ಪಿನಟುಬೊ ಉಗುಳಿದ ಗಂಧಕದ ಅನಿಲ ಭೂಮಿಯ ಸರಾಸರಿ ಉಷ್ಣತೆಯನ್ನು ಸುಮಾರು ಅರ್ಧ ಡಿಗ್ರಿ ತಗ್ಗಿಸಿತು.

ಕಿಟ್ಟದ ಶಂಕು ಎಲ್ಲಕ್ಕಿಂತ ಸಣ್ಣದು, ಸರಳವಾದದ್ದು. ಗುಳ್ಳೆ ತುಂಬಿದ ಲಾವಾದ ಚೂರುಗಳು ಗಾಳಿಗೆ ಚಿಮ್ಮಿ, ಬಾಯಿಯ ಸುತ್ತ ಬಿದ್ದು ಗುಡ್ಡೆಯಾಗುತ್ತವೆ. 1943ರ ಫೆಬ್ರುವರಿ 20ರಂದು ಮೆಕ್ಸಿಕೋದ ಪರಿಕೂಟಿನ್ ಊರಿನ ಬಳಿ ಮೆಕ್ಕೆಜೋಳದ ಹೊಲವೊಂದು ರೈತನ ಕಣ್ಣೆದುರೇ ಬಿರುಕುಬಿಟ್ಟು ಹೊಗೆಯುಗುಳಿತು. ಒಂದೇ ವರ್ಷದಲ್ಲಿ ಅಲ್ಲಿ 300 ಮೀಟರಿಗೂ ಎತ್ತರದ ಗುಡ್ಡ ಎದ್ದಿತ್ತು. 1952ರಲ್ಲಿ ಅದು ತಣ್ಣಗಾಯಿತು. ಜ್ವಾಲಾಮುಖಿಯೊಂದರ ಹುಟ್ಟು, ಬೆಳವಣಿಗೆ, ಸಾವುಗಳನ್ನು ವಿಜ್ಞಾನಿಗಳು ಒಟ್ಟಿಗೆ ಕಂಡ ಅಪರೂಪದ ಪ್ರಸಂಗ ಅದು.

ರಸ ತೀರಾ ಮಂದವಾಗಿದ್ದರೆ ಬಾಯಿಯ ಮೇಲೆಯೇ ಉಬ್ಬಿ ಲಾವಾ ಗುಮ್ಮಟವಾಗುತ್ತದೆ. ಅದು ಕುಸಿದರೆ ಕೆಂಡದಂಥ ಬೂದಿ ಮತ್ತು ಅನಿಲದ ಮೋಡ ಇಳಿಜಾರಿನಲ್ಲಿ ನುಗ್ಗುತ್ತದೆ. 1902ರ ಮೇ 8ರಂದು ಕೆರಿಬಿಯನ್ ದ್ವೀಪ ಮಾರ್ಟಿನಿಕ್‌ನ ಮೌಂಟ್ ಪೆಲೆಯಿಂದ ಇಳಿದ ಇಂಥ ಮೋಡ ಸೇಂಟ್ ಪಿಯರ್ ಪಟ್ಟಣದ ಸುಮಾರು 28,000 ಜನರನ್ನು ನಿಮಿಷಗಳಲ್ಲಿ ಕೊಂದಿತು.

ಇದಕ್ಕೂ ದೊಡ್ಡದು ಕ್ಯಾಲ್ಡೆರಾ. ನೆಲದಡಿಯ ರಸದ ಕೊಠಡಿ ಒಮ್ಮೆಗೇ ಬರಿದಾದರೆ ಮೇಲಿನ ನೆಲ ಕುಸಿದು ಹತ್ತಾರು ಕಿಲೋಮೀಟರ್ ಅಗಲದ ಹಳ್ಳ ಉಳಿಯುತ್ತದೆ. ಅಮೆರಿಕದ ಯೆಲ್ಲೊಸ್ಟೋನ್, ಸುಮಾತ್ರಾದ ತೋಬಾ ಈ ಬಗೆಯವು. ಸುಮಾರು 74,000 ವರ್ಷಗಳ ಹಿಂದೆ ತೋಬಾ ಸಿಡಿದಾಗ ಅದರ ಬೂದಿ ಬಂಗಾಳ ಕೊಲ್ಲಿ ದಾಟಿ ಭಾರತದ ಮೇಲೆ ಬಿತ್ತು. ಆಂಧ್ರಪ್ರದೇಶದ ಜ್ವಾಲಾಪುರಂ ಎಂಬಲ್ಲಿ ಆ ಬೂದಿಯ ದಪ್ಪ ಪದರ ಇಂದಿಗೂ ಇದೆ. ಪದರದ ಕೆಳಗೂ ಮೇಲೂ ಶಿಲಾಯುಗದ ಮನುಷ್ಯರ ಉಪಕರಣಗಳು ಸಿಕ್ಕಿವೆ.

ಕಣ್ಣಿಗೆ ಬೀಳದ ಜ್ವಾಲಾಮುಖಿಗಳೇ ಹೆಚ್ಚು. ಭೂಮಿಯ ಬಹುಪಾಲು ಲಾವಾ ಉಕ್ಕುವುದು ಸಾಗರದ ತಳದಲ್ಲಿ. ನೀರಿಗೆ ಬಿದ್ದ ರಸ ತಕ್ಷಣ ಸಿಪ್ಪೆಗಟ್ಟಿ ದುಂಡುದುಂಡಾಗಿ ಗಟ್ಟಿಯಾಗುತ್ತದೆ. ಅದಕ್ಕೆ ದಿಂಬು ಲಾವಾ ಎಂದು ಹೆಸರು. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಸುಮಾರು 250 ಕೋಟಿ ವರ್ಷ ಹಳೆಯ ದಿಂಬು ಲಾವಾ ಇದ್ದು, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿದೆ. ಇಂದು ಒಣಸೀಮೆಯಾಗಿರುವ ಆ ಜಾಗ ಒಂದು ಕಾಲಕ್ಕೆ ಕಡಲ ತಳವಾಗಿತ್ತು ಎಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿ.

ಎಲ್ಲಿವೆ, ಅಲ್ಲೇ ಏಕಿವೆ

ಜ್ವಾಲಾಮುಖಿಗಳು ಭೂಮಿಯ ಮೇಲೆ ಕಂಡಕಂಡಲ್ಲಿ ಹುಟ್ಟುವುದಿಲ್ಲ. ಭೂಮಿಯ ಹೊರಪದರ ಹಲವು ಫಲಕಗಳಾಗಿ ಒಡೆದಿದೆ. ಬಹುತೇಕ ಜ್ವಾಲಾಮುಖಿಗಳು ಈ ಫಲಕಗಳ ಅಂಚಿನಲ್ಲಿವೆ. ಒಂದು ಫಲಕ ಇನ್ನೊಂದರ ಅಡಿಗೆ ಜಾರುವಲ್ಲಿ ನೀರು ಸೇರಿದ ಬಂಡೆ ಆಳದಲ್ಲಿ ಕರಗಿ, ಸಿಲಿಕಾ ಹೆಚ್ಚಿರುವ ಸಿಡಿಯುವ ರಸ ಮೇಲೇಳುತ್ತದೆ. ಪೆಸಿಫಿಕ್ ಸಾಗರದ ಸುತ್ತ ಚಿಲಿಯಿಂದ ಅಲಾಸ್ಕಾ, ಜಪಾನ್, ಫಿಲಿಪೀನ್ಸ್, ನ್ಯೂಜಿಲೆಂಡ್‌ವರೆಗೆ ಸುಮಾರು 40,000 ಕಿ.ಮೀ. ಉದ್ದದ ಅಗ್ನಿವಲಯ ಹುಟ್ಟಿದ್ದು ಹೀಗೆ. ಇಂಡೋನೇಷ್ಯಾದ ಸಾಲು, ಮೆಡಿಟರೇನಿಯನ್ ಸೀಮೆಯ ಹಲವು ಬೆಟ್ಟಗಳಿಗೂ ಇದೇ ಕಾರಣ.

ಫಲಕಗಳು ಒಂದರಿಂದೊಂದು ದೂರ ಸರಿಯುವಲ್ಲಿ ತೆಳು ಬಸಾಲ್ಟ್ ರಸ ಏಳುತ್ತದೆ. ಸಾಗರಗಳ ನಡುವಿನ ಏಣುಗಳು, ಅಂಥ ಏಣೇ ನೀರಿನ ಮೇಲೆ ತಲೆಯೆತ್ತಿರುವ ಐಸ್‌ಲ್ಯಾಂಡ್, ಸೀಳುತ್ತಿರುವ ಪೂರ್ವ ಆಫ್ರಿಕಾದ ಕಣಿವೆ ಈ ಗುಂಪಿನವು. ಆ ಕಣಿವೆಯಲ್ಲಿರುವ ಕಾಂಗೋ ದೇಶದ ನೀರಾಗೊಂಗೊ ಬೆಟ್ಟದಿಂದ 2002 ಮತ್ತು 2021ರಲ್ಲಿ ಹರಿದ ಲಾವಾ ಗೋಮಾ ನಗರಕ್ಕೆ ಸಂಕಟ ತಂದಿತ್ತು.

ಮೂರನೆಯದು ಅಂಚಿನ ಹಂಗಿಲ್ಲದ ಬಿಸಿತಾಣ. ಭೂಮಿಯ ಆಳದ ಮ್ಯಾಂಟಲ್ ಪದರದಿಂದ ಬಿಸಿ ಬಂಡೆಯ ಕಂಬವೊಂದು ಮೇಲೆದ್ದು, ಮೇಲಿರುವ ಫಲಕವನ್ನು ಅಡಿಯಿಂದ ಕಾಯಿಸುತ್ತದೆ. ಫಲಕ ಸರಿಯುತ್ತಾ ಹೋದರೂ ಕಂಬ ಹೆಚ್ಚುಕಡಿಮೆ ಇದ್ದಲ್ಲೇ ಇರುವುದರಿಂದ ಫಲಕದ ಮೇಲೆ ಜ್ವಾಲಾಮುಖಿಗಳ ಸಾಲೇ ಮೂಡುತ್ತದೆ. ಹವಾಯಿ ದ್ವೀಪಮಾಲೆ ಹುಟ್ಟಿದ್ದು ಹೀಗೆ. ಅಮೆರಿಕದ ವಿಜ್ಞಾನಿ ಜೇಸನ್ ಮಾರ್ಗನ್ 1971ರಲ್ಲಿ ಈ ವಿವರಣೆಯನ್ನು ಬೆಳೆಸಿದರು. ಸೊಲ್ಲಾಪುರವೂ ಸೇರಿದ ದಖನ್ನಿನ ಲಾವಾ ಮೂಲವನ್ನು ವಿವರಿಸಲು ಇಂದು ಹೆಚ್ಚಿನವರು ಆಧಾರವಾಗಿ ಹಿಡಿದಿರುವುದೂ ಇದನ್ನೇ.

ಬಿರುಕಿನಿಂದ ಉಕ್ಕುವ ಬಗೆ

ತೆಳು ರಸ ಒಂದೇ ಬಾಯಿಯಿಂದ ಏಳದೆ ಮೈಲುಗಟ್ಟಲೆ ಉದ್ದದ ಬಿರುಕಿನಿಂದ ಏಳಬಹುದು. ಆಗ ಅದು ಒಂದೆಡೆ ಪೇರುವುದಿಲ್ಲ. ಹಳ್ಳ, ದಿಣ್ಣೆ ಎಲ್ಲವನ್ನೂ ತುಂಬಿ ಸಮ ಮಾಡುತ್ತಾ ಹರಡುತ್ತದೆ. ಮನುಷ್ಯರ ದಾಖಲೆಯಲ್ಲಿರುವ ದೊಡ್ಡ ಬಿರುಕು ಸ್ಫೋಟಗಳಲ್ಲಿ ಒಂದು ಐಸ್‌ಲ್ಯಾಂಡಿನ ಲಾಕಿ. 1783ರ ಜೂನ್ 8ರಂದು ತೆರೆದ 27 ಕಿ.ಮೀ. ಉದ್ದದ ಬಿರುಕು ಎಂಟು ತಿಂಗಳಲ್ಲಿ ಸುಮಾರು 15 ಘನ ಕಿ.ಮೀ. ಲಾವಾ ಸುರಿಸಿತು. ಅದಕ್ಕಿಂತ ಕೆಟ್ಟದ್ದು ಅದರ ಜೊತೆ ಬಂದ ಗಂಧಕ ಮತ್ತು ಫ್ಲೋರಿನ್ ಅನಿಲ. ಮೇವು ವಿಷವಾಗಿ ದನ, ಕುರಿ ಸತ್ತವು. ಹಸಿವಿನಿಂದ ಆ ದೇಶದ ಜನರಲ್ಲಿ ಐದರಲ್ಲೊಂದು ಪಾಲಿಗೂ ಹೆಚ್ಚು ಮಂದಿ ಅಳಿದರು.

ಲಾಕಿ ಇಡೀ ಎಂಟು ತಿಂಗಳಲ್ಲಿ ಸುರಿಸಿದ್ದು ದಖನ್ನಿನ ಲೆಕ್ಕದಲ್ಲಿ ತೀರಾ ಚಿಕ್ಕ ಮೊತ್ತ. ದಖನ್ನಿನ ಒಂದೊಂದು ದೊಡ್ಡ ಹರಿವಿನಲ್ಲೇ ನೂರಾರು, ಕೆಲವೊಮ್ಮೆ ಸಾವಿರಾರು ಘನ ಕಿ.ಮೀ. ಲಾವಾ ಇದ್ದಿತು. ಭೂಮಿಯ ಇತಿಹಾಸದಲ್ಲಿ ಇಂಥ ಬಸಾಲ್ಟ್ ಪ್ರವಾಹಗಳು ಕೆಲವೇ: 25.2 ಕೋಟಿ ವರ್ಷ ಹಿಂದಿನ ಸೈಬೀರಿಯಾ, ದಕ್ಷಿಣ ಆಫ್ರಿಕಾದ ಕರೂ, ದಕ್ಷಿಣ ಅಮೆರಿಕದ ಪರಾನಾ, ಸುಮಾರು 1.7 ಕೋಟಿ ವರ್ಷ ಹಿಂದಿನ ಅಮೆರಿಕದ ಕೊಲಂಬಿಯಾ ನದಿ ಸೀಮೆ. ಇವುಗಳ ಸಾಲಿನಲ್ಲಿ ದಖನ್ನಿಗೆ ದೊಡ್ಡ ಸ್ಥಾನವಿದೆ.

ದಖನ್ನಿನ ಪ್ರವಾಹ

ದಖನ್ ಟ್ರ್ಯಾಪ್ ಎಂದು ಭೂವಿಜ್ಞಾನಿಗಳು ಕರೆಯುವ ಈ ಲಾವಾ ನಾಡು ಇಂದು ಸುಮಾರು 5 ಲಕ್ಷ ಚದರ ಕಿ.ಮೀ. ಹಬ್ಬಿದೆ. ಮಹಾರಾಷ್ಟ್ರದ ಬಹುಭಾಗ, ಗುಜರಾತ್, ಮಧ್ಯಪ್ರದೇಶ, ತೆಲಂಗಾಣದ ಭಾಗಗಳು, ಕರ್ನಾಟಕದ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳ ನೆಲ ಇದಕ್ಕೆ ಸೇರಿವೆ. ಸವೆದು ಹೋದದ್ದನ್ನೂ ಅರಬ್ಬಿ ಸಮುದ್ರದಲ್ಲಿ ಮುಳುಗಿದ್ದನ್ನೂ ಸೇರಿಸಿದರೆ ಮೂಲ ಹರವು ಇದರ ಮೂರು ಪಟ್ಟು ಇದ್ದಿರಬಹುದೆಂದು ಅಂದಾಜು. ಬಹುಪಾಲು ಲಾವಾ ಹತ್ತು ಲಕ್ಷ ವರ್ಷಗಳ ಒಳಗೇ ಉಕ್ಕಿತೆಂದು ಇತ್ತೀಚಿನ ಕಾಲನಿರ್ಣಯಗಳು ಹೇಳುತ್ತವೆ. ಭೂಮಿಯ ವಯಸ್ಸಿಗೆ ಹೋಲಿಸಿದರೆ ಇದು ಕ್ಷಣಮಾತ್ರ. ಆದರೆ ಲಾವಾ ಎಡೆಬಿಡದೆ ಉಕ್ಕುತ್ತಿರಲಿಲ್ಲ. ಒಂದು ಹರಿವಿಗೂ ಮುಂದಿನದಕ್ಕೂ ನಡುವೆ ನೂರಾರು, ಸಾವಿರಾರು ವರ್ಷಗಳ ಬಿಡುವು ಇರುತ್ತಿತ್ತು.

ಆ ಕಾಲಕ್ಕೆ ಭಾರತ ಇದ್ದದ್ದು ಭೂಮಧ್ಯರೇಖೆಯ ದಕ್ಷಿಣಕ್ಕೆ. ವರ್ಷಕ್ಕೆ 15 ಸೆಂ.ಮೀ.ಗೂ ಹೆಚ್ಚು ವೇಗದಲ್ಲಿ ಉತ್ತರಕ್ಕೆ ಸರಿಯುತ್ತಿದ್ದ ಭಾರತದ ಫಲಕ ಬಿಸಿತಾಣವೊಂದರ ಮೇಲೆ ಹಾಯಿತು. ಫಲಕ ಮುಂದೆ ಬಂದಿತು, ಬಿಸಿತಾಣ ಹಿಂದೆ ಉಳಿಯಿತು. ಅದು ಬಿಟ್ಟ ಗುರುತು ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್ ದ್ವೀಪಗಳ ಬುಡದಲ್ಲಿ ಸಾಲಾಗಿದೆ. ಆ ಬಿಸಿತಾಣದ ಮೇಲೆ ಇಂದು ಇರುವುದೇ ರಿಯೂನಿಯನ್ ದ್ವೀಪ. ಅಲ್ಲಿ ಪಿಟೋನ್ ದ ಲಾ ಫೂರ್ನೇಜ್ ಮೇಲಿಂದ ಮೇಲೆ ಉಕ್ಕುತ್ತಲೇ ಇದೆ. ಸೊಲ್ಲಾಪುರದ ಕರಿಕಲ್ಲಿನ ಮೂಲ ಒಲೆ ಆರಿಲ್ಲ, ಸಾವಿರಾರು ಕಿಲೋಮೀಟರ್ ದೂರ ಉಳಿದಿದೆ.

ಲಾವಾ ಎದ್ದ ಬಿರುಕುಗಳ ಗುರುತು ಇಂದಿಗೂ ಇದೆ. ಬಿರುಕಿನೊಳಗೇ ಹೆಪ್ಪುಗಟ್ಟಿದ ರಸ ಗೋಡೆಯಂತೆ ನಿಂತಿರುತ್ತದೆ; ಅದಕ್ಕೆ ಡೈಕ್ ಎನ್ನುತ್ತಾರೆ. ನರ್ಮದಾ, ತಾಪಿ ಕಣಿವೆಗಳಲ್ಲಿ, ಧುಳೆ, ನಂದುರಬಾರ್ ಕಡೆ, ನಾಶಿಕ್, ಪುಣೆ ಸೀಮೆಯಲ್ಲಿ, ಕೊಂಕಣ ತೀರದಲ್ಲಿ ಇಂಥ ಡೈಕುಗಳು ಗುಂಪುಗುಂಪಾಗಿವೆ. ಸೊಲ್ಲಾಪುರ ಕಡೆ ಅಂಥ ಗುಂಪುಗಳಿಲ್ಲ. ಇಲ್ಲಿನ ಲಾವಾ ದೂರದಿಂದ ಹರಿದು ಬಂದದ್ದು.

ನೂರಾರು ಕಿಲೋಮೀಟರ್ ಹರಿಯುವವರೆಗೆ ರಸ ತಣ್ಣಗಾಗದೆ ಉಳಿದದ್ದು ಹೇಗೆ? ಈ ಬಗೆಯ ಲಾವಾ ಮೊದಲು ಅರ್ಧ ಮೀಟರಿನಷ್ಟು ತೆಳ್ಳಗೆ ಹರಡುತ್ತದೆ. ಮೇಲ್ಮೈ ಬೇಗ ಗಟ್ಟಿಯಾಗಿ ಸಿಪ್ಪೆ ಕಟ್ಟುತ್ತದೆ. ಹಿಂದಿನಿಂದ ಹೊಸ ರಸ ಆ ಸಿಪ್ಪೆಯ ಅಡಿಗೆ ನುಗ್ಗುತ್ತಲೇ ಇರುವುದರಿಂದ, ಹೆಂಚಿನ ಮೇಲೆ ಜೋಳದ ರೊಟ್ಟಿ ಉಬ್ಬುವ ಹಾಗೆ ಇಡೀ ಹಾಸು ಒಳಗಿನಿಂದ ಉಬ್ಬಿ ಹತ್ತಾರು ಮೀಟರ್ ದಪ್ಪವಾಗುತ್ತದೆ. ಸಿಪ್ಪೆ ಶಾಖವನ್ನು ಹೊರಗೆ ಬಿಡದು. ಒಳಗಿನ ರಸ ವರ್ಷಗಟ್ಟಲೆ ಬಿಸಿಯಾಗಿಯೇ ಉಳಿದು ಮುಂದೆ ಮುಂದೆ ಹರಿಯುತ್ತದೆ. ಹೀಗೆ ಹರಿದ ಕೆಲವು ಹರಿವುಗಳು ಪಶ್ಚಿಮಘಟ್ಟದ ಕಡೆಯಿಂದ ಆಂಧ್ರದ ರಾಜಮಹೇಂದ್ರಿವರೆಗೆ, ಸುಮಾರು 1,000 ಕಿ.ಮೀ. ದೂರ ಮುಟ್ಟಿದವು. ಭೂಮಿಯ ಮೇಲೆ ಈವರೆಗೆ ಗೊತ್ತಿರುವ ಅತಿ ಉದ್ದದ ಲಾವಾ ಹರಿವುಗಳಲ್ಲಿ ಇವು ಸೇರಿವೆ.

ಮೂಲದಿಂದ ದೂರ ಹೋದಂತೆ ಲಾವಾದ ರಾಶಿ ತೆಳುವಾಗುತ್ತದೆ. ಮಹಾಬಳೇಶ್ವರದ ಸುತ್ತಿನ ಘಟ್ಟಗಳಲ್ಲಿ ಒಂದರ ಮೇಲೊಂದು ಕೂತ ಹಾಸುಗಳು ಕಿಲೋಮೀಟರಿಗೂ ಹೆಚ್ಚು ಎತ್ತರ ನಿಂತಿವೆ. ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಕೊರೆದು ನೋಡಿದಾಗ ಸುಮಾರು 340 ಮೀಟರಿಗೇ ಲಾವಾ ಮುಗಿದು ಪುರಾತನ ಗ್ರಾನೈಟ್ ಜಾತಿಯ ಬಂಡೆ ಸಿಕ್ಕಿತು. ಅಕ್ಕಲಕೋಟೆಯಿಂದ ತೆಂಕಣಕ್ಕೆ ಅಫಜಲಪುರ ತಾಲ್ಲೂಕಿನ ಮೂಲಕ ಮುಂದೆ ಹೋದರೆ ಕಲಬುರಗಿ ಜಿಲ್ಲೆಯಲ್ಲೇ ಲಾವಾ ಹಾಸು ಮುಗಿದು, ಅದರಡಿಯ ಸುಣ್ಣಕಲ್ಲು ಬಯಲಿಗೆ ಬರುತ್ತದೆ. ಮನೆಗಳಿಗೆ ಹಾಸುವ ಶಹಾಬಾದ್ ಫರಸಿ ಆ ಕಲ್ಲೇ. ವಾಡಿ, ಸೇಡಂ ಸೀಮೆಯ ಸಿಮೆಂಟ್ ಕಾರ್ಖಾನೆಗಳು ಅದನ್ನೇ ನಂಬಿಕೊಂಡಿವೆ.

ಬಾವಿಯ ಗೋಡೆಯಲ್ಲಿ ಓದುವ ಇತಿಹಾಸ

ಅಕ್ಕಲಕೋಟೆ ಸೀಮೆಯ ತೋಡುಬಾವಿಯೊಂದರ ಗೋಡೆ ಲಾವಾದ ದಿನಚರಿ ಇದ್ದಂತೆಯೇ ಸರಿ. ಮೇಲೆ ಎರೆಮಣ್ಣು. ಅದರಡಿ ಕಂದು ಬಣ್ಣದ ಗರಸು; ಕೈಯಲ್ಲಿ ಹಿಡಿದರೆ ಪುಡಿಯಾಗುವ, ಇನ್ನೂ ಮಣ್ಣಾಗುವ ದಾರಿಯಲ್ಲಿರುವ ಕಲ್ಲು. ಅದರಡಿ ಬಿರುಕು ತುಂಬಿದ ಕಲ್ಲು. ಆಮೇಲೆ ಸುತ್ತಿಗೆ ಹೊಡೆದರೆ ಖಣಿಲ್ ಎನ್ನುವ ಗಟ್ಟಿ ಕರಿಕಲ್ಲು. ಇಷ್ಟು ಒಂದು ಹರಿವಿನ ಹೊಟ್ಟೆ. ಇನ್ನೂ ಕೆಳಗೆ ಇಳಿದರೆ ಕೆಲವು ಬಾವಿಗಳಲ್ಲಿ ಇಟ್ಟಿಗೆ ಬಣ್ಣದ ಕೆಂಪು ಪಟ್ಟಿಯೊಂದು ಅಡ್ಡಲಾಗಿ ಕಾಣುತ್ತದೆ. ಅದು ಕೆಳಗಿನ ಹರಿವಿನ ನೆತ್ತಿ. ಆ ಹರಿವು ತಣ್ಣಗಾಗಿ, ಮಳೆ ಬಿಸಿಲಿಗೆ ಒಡ್ಡಿಕೊಂಡು ಮಣ್ಣಾಗಿದ್ದಾಗ ಮೇಲಿನ ಹರಿವು ಬಂದು ಅದನ್ನು ಮುಚ್ಚಿತು. ಕೆಂಪು ಪಟ್ಟಿಯ ಕೆಳಗೆ ಆ ಹರಿವಿನ ಗುಳ್ಳೆಗಲ್ಲು, ಮತ್ತೆ ಗಟ್ಟಿಗಲ್ಲು.

ಗುಳ್ಳೆಗಲ್ಲಿನ ಒಂದು ತುಂಡನ್ನು ಕೈಗೆತ್ತಿಕೊಂಡು ನೋಡಬೇಕು. ಕಡಲೆಕಾಳಿನಿಂದ ನಿಂಬೆಹಣ್ಣಿನವರೆಗಿನ ಗಾತ್ರದ ತೂತುಗಳು. ಅನಿಲ ಹಾರಿಹೋಗುವ ಮೊದಲೇ ರಸ ಗಟ್ಟಿಯಾದ್ದರಿಂದ ಉಳಿದ ಜಾಗ ಅವು. ಆಮೇಲೆ ಲಕ್ಷಾಂತರ ವರ್ಷ ಬಂಡೆಯೊಳಗೆ ಜಿನುಗಿದ ಬಿಸಿನೀರು ಆ ತೂತುಗಳಲ್ಲಿ ಹರಳು ಬೆಳೆಸಿತು. ಬಿಳಿ, ನಸುಗೆಂಪು ಬಣ್ಣದ ಸ್ಟಿಲ್‌ಬೈಟ್, ಹ್ಯೂಲಂಡೈಟ್‌ನಂಥ ಜಿಯೊಲೈಟ್‌ಗಳು, ಸ್ಫಟಿಕ, ಅಗೇಟ್ ಅಲ್ಲಿ ಕಾಣುತ್ತವೆ. ದಖನ್ನಿನ ಕಲ್ಲುಗಣಿಗಳ ಈ ಹರಳುಗಳು ಜಗತ್ತಿನ ಖನಿಜ ಸಂಗ್ರಹಾಲಯಗಳಿಗೆ ಹೋಗಿವೆ.

ಎರಡು ಹರಿವುಗಳ ನಡುವಿನ ಬಿಡುವಿನಲ್ಲಿ ಕೆರೆಗಳಾದವು, ಗಿಡಮರ ಬೆಳೆದವು, ಪ್ರಾಣಿಗಳು ಬಂದವು. ಮುಂದಿನ ಲಾವಾ ಅವನ್ನು ಮುಚ್ಚಿತು. ಯಾದಗಿರಿ ಜಿಲ್ಲೆಯ ಗುರುಮಠಕಲ್ ಬಳಿ ಹೀಗೆ ಲಾವಾ ಹಾಸುಗಳ ನಡುವೆ ಸಿಕ್ಕಿಬಿದ್ದ ಕೆರೆಯ ಹೂಳಿನಲ್ಲಿ ಸಿಹಿನೀರಿನ ಬಸವನಹುಳುಗಳ ಪಳೆಯುಳಿಕೆ ಸಿಕ್ಕಿದೆ. ಮುಂಬೈಯಲ್ಲಿ ಕಪ್ಪೆಗಳ ಪಳೆಯುಳಿಕೆ ದೊರೆತಿದೆ.

ಜಗತ್ತಿನ ಜೀವಕ್ಕೆ ಬಿದ್ದ ಪೆಟ್ಟು

ದಖನ್ನಿನ ಲಾವಾ ಉಕ್ಕುತ್ತಿದ್ದ ಕಾಲಕ್ಕೇ ಭೂಮಿಯಿಂದ ಡೈನೋಸಾರುಗಳು ಅಳಿದವು. 1980ರಲ್ಲಿ ಲೂಯಿ ಆಲ್ವರೆಜ್ ಮತ್ತು ಸಂಗಡಿಗರು ಆ ಕಾಲದ ಮಣ್ಣಿನ ಪದರದಲ್ಲಿ ಇರಿಡಿಯಂ ಲೋಹದ ಹೆಚ್ಚಳ ಕಂಡು, ಆಕಾಶಕಾಯವೊಂದು ಅಪ್ಪಳಿಸಿದ್ದೇ ಕಾರಣವೆಂದರು. ಅದು ಬಿದ್ದ ಗುಳಿ ಮೆಕ್ಸಿಕೋದ ಚಿಕ್ಸುಲೂಬ್‌ನಲ್ಲಿ ಪತ್ತೆಯಾಯಿತು. ದಖನ್ನಿನಿಂದ ಎದ್ದ ಗಂಧಕದ ಅನಿಲ ಮತ್ತು ಇಂಗಾಲದ ಡೈಆಕ್ಸೈಡ್ ಹವೆಯನ್ನು ಮೊದಲೇ ಕೆಡಿಸಿದ್ದವು ಎಂಬುದು ಇನ್ನೊಂದು ವಾದ. ಇತ್ತೀಚಿನ ಕಾಲನಿರ್ಣಯಗಳ ಪ್ರಕಾರ ಲಾವಾ ಉಕ್ಕುವಿಕೆ ಆ ಅಪ್ಪಳಿಕೆಗೆ ಮೊದಲೇ ಶುರುವಾಗಿ, ಆಮೇಲೂ ಮುಂದುವರಿಯಿತು. ಎರಡರಲ್ಲಿ ಯಾವುದರ ಪಾಲು ಎಷ್ಟು ಎಂಬ ಚರ್ಚೆ ಮುಗಿದಿಲ್ಲ. ಆ ಚರ್ಚೆಗೆ ಬೇಕಾದ ಸಾಕ್ಷ್ಯವನ್ನು ವಿಜ್ಞಾನಿಗಳು ಹುಡುಕುತ್ತಿರುವುದು ದಖನ್ನಿನ ಘಟ್ಟಗಳಲ್ಲಿ, ಹಾಸುಗಳ ನಡುವಿನ ಕೆಂಪು ಪಟ್ಟಿಗಳಲ್ಲಿ.

ಜ್ವಾಲಾಮುಖಿಯದಲ್ಲದ ಗುಳಿ, ಜ್ವಾಲಾಮುಖಿಯದಲ್ಲದ ಕಂಪ

ಲಾವಾ ನಾಡಿನಲ್ಲಿ ಕಂಡ ಗುಳಿಯೆಲ್ಲ ಜ್ವಾಲಾಮುಖಿಯ ಬಾಯಿಯಲ್ಲ. ಬುಲ್ಢಾಣಾ ಜಿಲ್ಲೆಯ ಲೋಣಾರ್ ಸರೋವರ ಸುಮಾರು 1.8 ಕಿ.ಮೀ. ಅಗಲದ ದುಂಡು ಗುಳಿ. ಬಹುಕಾಲ ಅದನ್ನು ಜ್ವಾಲಾಮುಖಿಯದೆಂದೇ ತಿಳಿಯಲಾಗಿತ್ತು. ಭಾರಿ ಆಘಾತದಲ್ಲಿ ಮಾತ್ರ ಉಂಟಾಗುವ ಗಾಜು ಅಲ್ಲಿನ ಬಂಡೆಯಲ್ಲಿ ಸಿಕ್ಕ ಮೇಲೆ, ಉಲ್ಕೆ ಬಿದ್ದು ಆದ ಗುಳಿ ಅದೆಂಬುದು ಖಚಿತವಾಯಿತು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯಲ್ಲಿ ಭೂಮಿ ಕಂಪಿಸಿ ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಹತ್ತು ಸಾವಿರದಷ್ಟು ಜನ ಸತ್ತರು. ಸೊಲ್ಲಾಪುರ, ಕಲಬುರಗಿ ಸೀಮೆಯೂ ನಡುಗಿತು. ಜ್ವಾಲಾಮುಖಿ ಮತ್ತೆ ಏಳುತ್ತದೆಂಬ ಭಯ ಆಗ ಹಬ್ಬಿತ್ತು. ಆ ಕಂಪಕ್ಕೂ ಜ್ವಾಲಾಮುಖಿಗೂ ಸಂಬಂಧವಿರಲಿಲ್ಲ. ಉತ್ತರಕ್ಕೆ ಒತ್ತುತ್ತಿರುವ ಭಾರತ ಫಲಕದಲ್ಲಿ ಕೂಡಿದ ಬಿಗಿತ ಲಾವಾದಡಿಯ ಹಳೆಯ ಬಂಡೆಯಲ್ಲಿ ಜಾರಿದ್ದೇ ಕಾರಣ. ಸಾವು ಹೆಚ್ಚಲು ಕಾರಣ ಮನೆಗಳು. ದುಂಡುಗಲ್ಲನ್ನು ಮಣ್ಣಿನಲ್ಲಿ ಇಟ್ಟು ಎಬ್ಬಿಸಿದ ದಪ್ಪ ಗೋಡೆ, ಮೇಲೆ ಭಾರವಾದ ಮಣ್ಣಿನ ಮಾಳಿಗೆ. ಮಲಗಿದ್ದವರ ಮೇಲೆ ಅವು ಕುಸಿದವು.

ಭಾರತದಲ್ಲಿ ಇಂದು ಜೀವಂತವಿರುವ ಜ್ವಾಲಾಮುಖಿ ಒಂದೇ, ಅಂಡಮಾನಿನ ಬ್ಯಾರನ್ ದ್ವೀಪ. ಪೋರ್ಟ್ ಬ್ಲೇರಿನಿಂದ ಸುಮಾರು 140 ಕಿ.ಮೀ. ದೂರದ ಈ ದ್ವೀಪ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಸುಮ್ಮನಿದ್ದು 1991ರಲ್ಲಿ ಮತ್ತೆ ಉಕ್ಕಿತು. ಆಮೇಲೆ ಆಗಾಗ ಉಕ್ಕುತ್ತಿದೆ. ಫಲಕ ಅಡಿಗೆ ಜಾರುವ ಅಂಚಿನಲ್ಲಿರುವುದರಿಂದ ಅದು ಇಂಡೋನೇಷ್ಯಾದ ಸಾಲಿಗೆ ಬಂಧು. ದಖನ್ನಿಗೆ ಅದರ ನಂಟಿಲ್ಲ. ಮಲ್ಪೆ ಕಡಲಿನ ಸೇಂಟ್ ಮೇರಿ ದ್ವೀಪಗಳ ಕಂಬಗಲ್ಲುಗಳೂ ಬೇರೆ. ಸಿಲಿಕಾ ಹೆಚ್ಚಿರುವ ಆ ಲಾವಾ, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ್ದು, ದಖನ್ನಿಗಿಂತ ಹಳೆಯದು.

ಕಲ್ಲು ಮಣ್ಣಾದಾಗ

ಬಸಾಲ್ಟಿನಲ್ಲಿ ಕಬ್ಬಿಣ, ಮೆಗ್ನೀಸಿಯಂ, ಸುಣ್ಣದಂಶ ಹೇರಳ. ಮಳೆ ಕಡಿಮೆಯಿರುವ ಸೀಮೆಯಲ್ಲಿ ಅದು ಸವೆದಾಗ ಸ್ಮೆಕ್ಟೈಟ್ ಎಂಬ ಜಿಗುಟು ಜೇಡಿ ಹುಟ್ಟುತ್ತದೆ. ಎರೆಮಣ್ಣಿನ ಗುಣವೆಲ್ಲ ಈ ಜೇಡಿಯದು. ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗಿ ಕೈ ತೂರುವಷ್ಟು ಬಿರುಕುಬಿಡುತ್ತದೆ. ಮುಂಗಾರಿನ ಮಳೆಯನ್ನು ಹೊಲ ಹೊಟ್ಟೆಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಜೋಳ ಆಮೇಲೆ ಹೆಚ್ಚು ಮಳೆಯಿಲ್ಲದೆ ಆ ಹಸಿಯ ಮೇಲೆಯೇ ತೆನೆಗಟ್ಟುತ್ತದೆ. ಎಡೆ ಹೊಡೆದು ಮೇಲ್ಮಣ್ಣನ್ನು ಸಡಿಲ ಮಾಡಿ ಬಿರುಕು ಮುಚ್ಚುವುದು ಆ ಹಸಿಯನ್ನು ಕಾಯುವ ಹಳೆಯ ಜಾಣ್ಮೆ.

ಮಂಗಳವೇಢೆಯ ಜೋಳಕ್ಕೆ ಭೌಗೋಳಿಕ ಸೂಚಕ ಮನ್ನಣೆ ಸಿಕ್ಕಿದೆ. ದೇಶದ ಹಿಂಗಾರಿ ಜೋಳದ ಸೀಮೆಗಳಲ್ಲೆಲ್ಲ ಹೆಸರಾದ ಮಾಲದಂಡಿ ಎಂ 35-1 ತಳಿಯನ್ನು ಇದೇ ಜಿಲ್ಲೆಯ ಮೊಹೋಳದಲ್ಲಿ ಸ್ಥಳೀಯ ಜೋಳದಿಂದ ಆರಿಸಿ ಬೆಳೆಸಲಾಯಿತು. ಎರೆ ಆಳವಿಲ್ಲದ, ಗರಸು ಮೇಲೆ ಬಂದಿರುವ ಮಡ್ಡಿಯಲ್ಲಿ ಜೋಳ ಹಸನಾಗಿ ಬರುವುದಿಲ್ಲ. ಅಲ್ಲಿ ನೀರು ಬಸಿದುಹೋಗುವುದರಿಂದ ದಾಳಿಂಬೆ ಒಗ್ಗುತ್ತದೆ. ದಾಳಿಂಬೆಯ ರಾಷ್ಟ್ರೀಯ ಸಂಶೋಧನಾ ಕೇಂದ್ರ ಸೊಲ್ಲಾಪುರದ ಕೇಗಾವದಲ್ಲಿ 2005ರಲ್ಲಿ ನೆಲೆಗೊಂಡಿತು. ಒಂದೇ ಲಾವಾ, ಸವೆದ ಆಳದ ಮೇಲೆ ಎರಡು ಬೇಸಾಯ.

ಕಲ್ಲು ಊರಾದಾಗ

ಸೊಲ್ಲಾಪುರದ ಭುಯಿಕೋಟೆ, ಬೋರಿ ನದಿಯ ದಂಡೆಯ ನಳದುರ್ಗ ಕೋಟೆ, ವಿಜಯಪುರದ ಗೋಳಗುಮ್ಮಟ ಎಲ್ಲವೂ ಈ ಕರಿಕಲ್ಲಿನವು. ನಳದುರ್ಗದಲ್ಲಿ ನದಿಗೇ ಕಲ್ಲಿನ ಅಡ್ಡಗಟ್ಟೆ ಕಟ್ಟಿ, ಅದರ ಹೊಟ್ಟೆಯಲ್ಲಿ ಕೋಣೆಗಳಿರುವ ಪಾನಿಮಹಲನ್ನು ಎರಡನೇ ಇಬ್ರಾಹಿಂ ಆದಿಲಶಾಹಿಯ ಕಾಲದಲ್ಲಿ ನಿರ್ಮಿಸಲಾಯಿತು. ಮಳೆಗಾಲದಲ್ಲಿ ನೀರು ಅದರ ಮೇಲಿಂದ ಧುಮುಕುತ್ತದೆ. ವೇರೂಳದ ಕೈಲಾಸ ದೇಗುಲವನ್ನು ಮೇಲಿನಿಂದ ಕೆಳಗೆ ಕಡೆದು ಇಳಿಸಲು ಸಾಧ್ಯವಾದದ್ದು ಅಲ್ಲಿನ ದಪ್ಪ ಲಾವಾ ಹಾಸುಗಳಿಂದ. ಇಂದು ಅದೇ ಕಲ್ಲು ಖಡಿಯಾಗಿ ರಸ್ತೆಗೂ ಕಾಂಕ್ರೀಟಿಗೂ ಹೋಗುತ್ತಿದೆ.

ಲಾವಾದಲ್ಲಿ ನೀರು ನಿಲ್ಲುವ ಬಗೆ

ಮಳೆನೆರಳಿನ ಈ ಸೀಮೆಗೆ ಲಾವಾದ ರಚನೆ ತಿಳಿಯಬೇಕಾದದ್ದು ಎಲ್ಲಕ್ಕಿಂತ ಹೆಚ್ಚಾಗಿ ನೀರಿಗಾಗಿ. ಗಟ್ಟಿ ಬಸಾಲ್ಟಿನೊಳಗೆ ನೀರು ಇಳಿಯುವುದಿಲ್ಲ, ನಿಲ್ಲುವುದಿಲ್ಲ. ನೀರು ನಿಲ್ಲುವುದು ಗರಸಿನಲ್ಲಿ, ಬಿರುಕುಗಲ್ಲಿನಲ್ಲಿ, ಹರಿವಿನ ನೆತ್ತಿಯ ಗುಳ್ಳೆಗಲ್ಲಿನಲ್ಲಿ. ಬಾವಿಯ ಸೆಲೆ ಒಡೆಯುವುದು ಅಂಥಲ್ಲಿಯೇ. ಪಕ್ಕಪಕ್ಕದ ಎರಡು ಹೊಲಗಳಲ್ಲಿ ಒಂದು ಬಾವಿ ಬೇಸಿಗೆಯಲ್ಲೂ ನೀರು ಕೊಟ್ಟು, ಇನ್ನೊಂದು ಸಂಕ್ರಾಂತಿಗೇ ಬತ್ತುವುದಕ್ಕೆ ಕಾರಣ ಬಹುತೇಕ ಇದೇ. ಕೊಳವೆಬಾವಿ ನೂರಾರು ಅಡಿ ಇಳಿದರೂ ಗಟ್ಟಿಗಲ್ಲಿನ ಹೊಟ್ಟೆಯಲ್ಲೇ ಉಳಿದರೆ ದುಡ್ಡು ವ್ಯರ್ಥ.

ಹಿಂದಿನವರು ಈ ನೆಲವನ್ನು ಅನುಭವದಿಂದ ಬಲ್ಲವರಾಗಿದ್ದರು. 12ನೇ ಶತಮಾನದಲ್ಲಿ ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮ ಶರಣರು ಜನರನ್ನು ಕೂಡಿಸಿಕೊಂಡು ಕೆರೆ ಕಟ್ಟಿಸಿದರು. ಕೆರೆ ತೋಡುವುದನ್ನು ಧರ್ಮದ ಕೆಲಸವೆಂದು ಬಾಳಿ ತೋರಿದ ಆ ವಚನಕಾರರ ನೆನಪು ಸಿದ್ಧೇಶ್ವರ ಗುಡಿಯ ಸುತ್ತಲಿನ ಕೆರೆಯಾಗಿ ಉಳಿದಿದೆ. ಬೀದರ್‌ನಲ್ಲಿ ಬಹಮನಿ ಅರಸರ ಕಾಲದಲ್ಲಿ ಸುರಂಗಬಾವಿಗಳನ್ನು ತೋಡಿದವರು ಜಂಬಿಟ್ಟಿಗೆ ಕಲ್ಲು ಮುಗಿದು ಬಸಾಲ್ಟ್ ಶುರುವಾಗುವ ಸಂದಿಯನ್ನು ಗುರುತಿಸಿದ್ದರು. ಮೇಲಿನ ಕಲ್ಲಿನಲ್ಲಿ ಇಳಿದ ನೀರು ಗಟ್ಟಿ ಲಾವಾ ಮುಟ್ಟಿ ಅಲ್ಲೇ ಜಿನುಗುತ್ತಿತ್ತು. 1871ರ ಹೊತ್ತಿಗೆ ಮುಗಿದ ಸೊಲ್ಲಾಪುರ ಬಳಿಯ ಏಕರೂಖ ಕೆರೆ, 1980ರಲ್ಲಿ ಭೀಮೆಗೆ ಕಟ್ಟಿದ ಉಜನಿ ಅಣೆಕಟ್ಟು, ಬೋರಿ ನದಿಯ ಕುರನೂರ ಜಲಾಶಯ ಮುಂದಿನ ಕಾಲದ ಪ್ರಯತ್ನಗಳು.

ಅಣೆಕಟ್ಟಿನ ಕಾಲುವೆ ಎಲ್ಲ ಹೊಲಗಳನ್ನೂ ಮುಟ್ಟುವುದಿಲ್ಲ. ಉಳಿದ ಹೊಲಗಳಿಗೆ ನೆಲದಡಿಯ ನೀರೇ ಗತಿ. ಇಂಗುಗುಂಡಿಯನ್ನೋ ಒಡ್ಡನ್ನೋ ಗಟ್ಟಿಗಲ್ಲು ಮೇಲೆ ಬಂದಿರುವ ಜಾಗದಲ್ಲಿ ಕಟ್ಟಿದರೆ ನೀರು ಬಿಸಿಲಿಗೆ ಆವಿಯಾಗಿ ಹೋಗುತ್ತದೆ. ಗರಸು, ಗುಳ್ಳೆಗಲ್ಲು ಮೇಲಿರುವಲ್ಲಿ ಕಟ್ಟಿದರೆ ಅದೇ ನೀರು ಇಳಿಜಾರಿನ ಬಾವಿಗಳ ಸೆಲೆಯಾಗಿ ಮರಳುತ್ತದೆ. ಯಾವ ಹರಿವು ಎಲ್ಲಿ ಮುಗಿಯುತ್ತದೆ, ಕೆಂಪು ಪಟ್ಟಿ ಎಷ್ಟು ಆಳದಲ್ಲಿದೆ, ಗುಳ್ಳೆಗಲ್ಲು ಎಲ್ಲಿ ಬಯಲಾಗಿದೆ ಎಂಬುದನ್ನು ಊರಿನ ಹಳೆಯ ಬಾವಿಗಳ ಗೋಡೆಗಳೇ ತೋರಿಸುತ್ತವೆ. ಅದನ್ನು ಊರೂರಿನಲ್ಲಿ ಗುರುತಿಸಿ, ನಕ್ಷೆ ಮಾಡಿಟ್ಟುಕೊಂಡು ಒಡ್ಡು ಹಾಕುವುದು ಸೊಲ್ಲಾಪುರ, ಅಕ್ಕಲಕೋಟೆ ತಾಲ್ಲೂಕುಗಳ ಹಳ್ಳಿಗಳಿಗೂ ಅಫಜಲಪುರದ ಹಳ್ಳಿಗಳಿಗೂ ಭೀಮೆಯ ಆಚೆಯ ಇಂಡಿಯ ಹಳ್ಳಿಗಳಿಗೂ ಸಮಾನವಾಗಿ ಬೇಕಾದ ಕೆಲಸ. ನದಿಯ ಎರಡೂ ದಂಡೆಯ ಕೆಳಗಿರುವುದು ಅದೇ ಲಾವಾ.